ಸೇತುವೆಯ ಕೆಳಗೆ ಏರಿದ ರಸ್ತೆ

ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಮನೆಗೆ ಬಂದರೆ, ಕಾಫಿ ಮುಗಿಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ನಿಮ್ಮ ಸರ್ವೀಸಿನಲ್ಲಿ ದೊಡ್ಡ ಕೆಲಸ ಯಾವುದು ಸಾರ್?" ಅವರಿಗೆ ಬೇಕಾದದ್ದು ಹೆದ್ದಾರಿಯದ್ದೋ ದೊಡ್ಡ ಕೆರೆ ಏರಿಯದ್ದೋ ಕಥೆ. ನನಗೆ ನೆನಪಾಗುವುದು ತುಮಕೂರಿನಿಂದ ಗುಬ್ಬಿಯ ಕಡೆಗೆ ಹೋಗುವ ಒಂದು ಒಳರಸ್ತೆಯ ತಗ್ಗು ಸೇತುವೆ. ಅದನ್ನು ನಾನು ಕಟ್ಟಲಿಲ್ಲ. ಕಟ್ಟಿದ್ದು ರೈಲಿನವರು, ನಾನು ಹುಟ್ಟುವುದಕ್ಕೂ ಮೊದಲು. ಮೇಲೆ ಮೀಟರ್ ಗೇಜ್ ಹಳಿ, ಎರಡು ಕಡೆ ಕಲ್ಲಿನ ಗೋಡೆ, ನಡುವೆ ಒಂದು ಲಾರಿ ನುಸುಳುವಷ್ಟು ದಾರಿ. ಆ ದಾರಿ ಮಾತ್ರ ನಮ್ಮದು. ಎಪ್ಪತ್ತರ ದಶಕದ ಕೊನೆಯಿಂದ ಕೆಲವು ವರ್ಷ, ಅಲ್ಲಿ ಸಿಕ್ಕಿಕೊಂಡ ಪ್ರತಿ ಲಾರಿಯ ವರದಿ ಬರೆದವನು ನಾನು. ನನ್ನ ನೌಕರಿಯ ಪಾಠಗಳಲ್ಲಿ ಹೆಚ್ಚಿನವು ಅಲ್ಲಿ ಕಲಿತವು. ಕಲಿತ ರೀತಿ ನೆನೆದರೆ ಇವತ್ತಿಗೂ ಒಬ್ಬನೇ ಕೂತಿದ್ದರೂ ಮುಖ ಬಿಸಿಯಾಗುತ್ತದೆ.

ಕೆಲಸಕ್ಕೆ ಸೇರುವಾಗ ನನ್ನ ಬಳಿ ಇಂಜಿನಿಯರಿಂಗ್ ಪದವಿಗಿಂತ ಹರಿತವಾದ ಇನ್ನೊಂದು ಸಾಧನವಿತ್ತು. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಾನು ಸೋತದ್ದು ಅಪರೂಪ. ವೇದಿಕೆ ಹತ್ತುವ ಮೊದಲು ಚೀಟಿ ಎತ್ತಿ, ವಿಷಯದ ಪರವೋ ವಿರೋಧವೋ ಎಂದು ತಿಳಿದುಕೊಳ್ಳುತ್ತಿದ್ದೆವು. ಯಾವುದು ಬಂದರೂ ನನಗೆ ಒಂದೇ. ಯಾವುದು ನಿಜ ಎನ್ನುವ ತಲೆನೋವು ಚೀಟಿ ಎತ್ತುವವನಿಗೆ ಇರುವುದಿಲ್ಲ. ದೇವರನ್ನು ಪ್ರಶ್ನಿಸಿದೆ, ಜಾತಕವನ್ನು ಪ್ರಶ್ನಿಸಿದೆ, ಅಪ್ಪನ ಮಾತನ್ನಂತೂ ದಿನಾ ಪ್ರಶ್ನಿಸಿದೆ. ಸೇತುವೆಯ ಮುಂದೆ ನಮ್ಮ ಇಲಾಖೆ ನೆಟ್ಟಿದ್ದ ತಗಡಿನ ಬೋರ್ಡಿನಲ್ಲಿ 'ಎತ್ತರ 14 ಅಡಿ' ಎಂದು ಬರೆದಿತ್ತಲ್ಲ, ಅದೊಂದನ್ನು ಮಾತ್ರ ಪ್ರಶ್ನಿಸಲಿಲ್ಲ. ಅದು ನಮ್ಮ ಕಡೆಯ ಬೋರ್ಡು.

ಆಗ ನಮ್ಮ ಗುಬ್ಬಿ ಕಚೇರಿಯ ಮೇಲಧಿಕಾರಿ ಶಿವನಂಜಪ್ಪನವರು. ಎ.ಇ.ಇ. ಸಾಹೇಬರು ಎಂದರೆ ಜೀಪು, ಗದರಿಕೆ, ಕರಿಕನ್ನಡಕ ಎಂದುಕೊಂಡಿದ್ದ ನನಗೆ ಅವರು ಒಂದು ನಿರಾಶೆಯೇ. ಮೆಲ್ಲಗೆ ಮಾತಾಡುವವರು. ಒಂದು ವಾಕ್ಯ ಶುರು ಮಾಡಿ, ನಡುವೆ ನಿಲ್ಲಿಸಿ, ಅದನ್ನು ಮುಗಿಸುವ ಅಗತ್ಯವಿದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದರು. ಇಂಥವರ ಜೊತೆ ವಾದ ಮಾಡುವುದು ಹೇಗೆ?

ಮೊದಲ ಸಲ ಅವರ ಜೊತೆ ಸೇತುವೆಗೆ ಹೋದಾಗ ತೆಂಗಿನ ನಾರಿನ ಲಾರಿಯೊಂದು ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು. ಹಿಂದೆ ಎರಡು ಬಸ್ಸು, ಒಂದಷ್ಟು ಎತ್ತಿನಗಾಡಿ. ನೋಡಲು ಬಂದವರ ಬಾಯಲ್ಲಿ ಸಲಹೆಯೋ ಸಲಹೆ.

"ಲೇ, ರೈಲ್ನೇ ಎತ್ತಿ ಪಕ್ಕಕ್ಕಿಡ್ರಲಾ, ಪಾಪ ಲಾರಿ ಹೋಗ್ಲಿ," ಎಂದ ಒಬ್ಬ.

"ಡ್ರೈವರ್ ಅಣ್ಣ ನಾರು ಸಾಗ್ಸಾಕೆ ಹೊಂಟವ್ನೋ, ಬ್ರಿಜ್ಜಿಗೆ ಹೆಗಲು ಕೊಡಾಕೆ ಹೊಂಟವ್ನೋ," ಎಂದ ಇನ್ನೊಬ್ಬ.

ಡ್ರೈವರು ತಲೆಗೆ ಟವಲು ಹಾಕಿಕೊಂಡು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಲಾರಿಯವರ ಲೋಕದಲ್ಲಿ ಪಲ್ಟಿ ಹೊಡೆದವನಿಗೆ ಅನುಕಂಪ ಸಿಗುತ್ತದೆ, ಬ್ರೇಕ್ ಫೇಲಾದವನಿಗೆ ಗೌರವವೇ ಸಿಗುತ್ತದೆ. ಸೇತುವೆಗೆ ಗುದ್ದಿದವನಿಗೆ ಸಿಗುವುದು ನಗೆ ಮಾತ್ರ. ದೂರದಿಂದ ಕಣ್ಣಿಗೆ ಕಾಣುವ, ಅಲ್ಲೇ ನಿಂತಿರುವ ವಸ್ತುವಿಗೆ ಹೋಗಿ ಗುದ್ದುವುದು ಎಂದರೆ ಅವರಲ್ಲಿ ಹೆಸರು ಹೋದಂತೆ.

ನಾನು ನೇರವಾಗಿ ಹೋಗಿ, "ಓದೋಕೆ ಬರುತ್ತೇನ್ರಿ ನಿಮಗೆ? ಬೋರ್ಡಲ್ಲಿ ಏನಿದೆ ಹೇಳಿ," ಎಂದು ಶುರು ಮಾಡಿದೆ. ಶಿವನಂಜಪ್ಪನವರು ನನ್ನನ್ನು ದಾಟಿ ಹೋಗಿ ಅವನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತರು.

"ಊಟ ಆಯ್ತೇನಯ್ಯಾ?"

"ಇಲ್ಲ ಸಾ."

"ಚಕ್ರದ ಗಾಳಿ ಇಳಿಸು. ನಾಕು ಬೆರಳು ಇಳಿದ್ರೆ ಸಾಕು, ಹಿಂದಕ್ಕೆ ಬರುತ್ತೆ. ಆಮೇಲೆ ಉಂಡು ಬಾ, ಹೇಳಿಕೆ ಬರ್ಕೊಳ್ಳೋಣ."

ಗಾಳಿ ಇಳಿಸಿದರು, ಲಾರಿ ಹಿಂದಕ್ಕೆ ಬಂತು. ಯುವಮಿತ್ರರೇ, ಈ ಉಪಾಯ ಈಗಲೂ ನಡೆಯುತ್ತದೆ. ಎಳೆಯುವ ಮೊದಲು ಇಳಿಸಿ. ಜೋರಾಗಿ ಎಳೆಸಿದರೆ ಲಾರಿಯ ಜೊತೆ ಮೇಲೆ ಹಳಿ ಹೊತ್ತ ಗರ್ಡರಿಗೂ ಪೆಟ್ಟಾಗುತ್ತದೆ.

ಎರಡನೆಯ ಪ್ರಸಂಗ ಅದಕ್ಕಿಂತ ಕೆಟ್ಟದ್ದು. ಬೆಳಗ್ಗೆ ತನ್ನ ಎತ್ತರದ ಕಟಕಟೆಯೊಳಗೇ ಕೊಬ್ಬರಿ ಮೂಟೆ ತುಂಬಿಕೊಂಡು ಇದೇ ಸೇತುವೆ ದಾಟಿದ್ದ ಲಾರಿ, ಮಧ್ಯಾಹ್ನ ಖಾಲಿ ಬರುವಾಗ ಸಿಕ್ಕಿಕೊಂಡಿತು. "ಬೆಳಿಗ್ಗೆ ಸಲೀಸಾಗಿ ಹೋಗಿದ್ದೆ ಸಾ, ಸತ್ಯವಾಗ್ಲೂ," ಎಂದ ಡ್ರೈವರು. ನನಗೆ ಹಬ್ಬ. ಸುತ್ತ ಜನವೂ ಇದ್ದರು.

"ಅಂದರೆ ನಿಮ್ಮ ವಾದ ಏನು? ತುಂಬಿದ ಲಾರಿ ಹಿಡಿಸಿತು, ಖಾಲಿ ಲಾರಿ ಹಿಡಿಸಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸೇತುವೆ ಬಗ್ಗಿತೋ?"

ಜನ ಚಪ್ಪಾಳೆ ಹೊಡೆಯುವುದೊಂದು ಬಾಕಿ. ಡ್ರೈವರು ಲಾರಿಯನ್ನೊಮ್ಮೆ, ಸೇತುವೆಯನ್ನೊಮ್ಮೆ ನೋಡಿದ. ಶಿವನಂಜಪ್ಪನವರು ಅಲ್ಲೇ ಇದ್ದರು, ಎಲ್ಲ ಕೇಳಿಸಿಕೊಂಡರು. ಸಂಜೆ, "ಬಾರಪ್ಪ, ಕೊಬ್ಬರಿ ಮಂಡಿ ಹತ್ರ ಒಳ್ಳೆ ಕಾಫಿ ಸಿಗುತ್ತೆ," ಎಂದು ಕರೆದುಕೊಂಡು ಹೋಗಿ, ಮೂಟೆ ಇಳಿಸುತ್ತಿದ್ದ ಲಾರಿಯೊಂದರ ಎದುರಿನ ಬೆಂಚಿನಲ್ಲಿ ಕೂರಿಸಿದರು. ಹಮಾಲರು ಒಂದೊಂದೇ ಮೂಟೆ ಹೊರುತ್ತಿದ್ದರು. ನನ್ನ ಲೋಟ ಖಾಲಿಯಾಗುವ ಹೊತ್ತಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಸಡಿಲವಾಗಿ, ಅದರ ಮೈ ಎದ್ದು ನಿಂತಿರುವುದು ಕಂಡಿತು. ಭಾರ ಇಳಿದರೆ ಲಾರಿ ಮೇಲೇಳುತ್ತದೆ. ಅವರು ನನ್ನ ಲೋಟದ ಕಡೆ ನೋಡಿದರು. "ಇನ್ನೊಂದು ಕಾಫಿ?" ಎಂದರು, ಅಷ್ಟೇ. ಆ ಡ್ರೈವರು ಯಾರೆಂದು ಹುಡುಕಿ ಕ್ಷಮೆ ಕೇಳಬಹುದಿತ್ತು. ನಾನು ಕೇಳಲಿಲ್ಲ. ವರದಿಯಲ್ಲಿ 'ಚಾಲಕನ ಹೇಳಿಕೆ ನಂಬಲರ್ಹವಲ್ಲ' ಎಂದು ಬರೆದದ್ದನ್ನು ಹೊಡೆದುಹಾಕಿದೆ.

ಮುಂದಿನ ವರ್ಷ ಕೆಲವು ತಿಂಗಳು ಕುಣಿಗಲ್ ಉಸ್ತುವಾರಿಯೂ ನನ್ನ ಮೇಲೆ ಬಿತ್ತು. ಆ ಕಡೆ ಆಗ ರೈಲೇ ಇರಲಿಲ್ಲ, ಹಾಗಾಗಿ ತಲೆನೋವಿಲ್ಲ ಎಂದುಕೊಂಡೆ. ನಾನು ಅಲ್ಲಿಗೆ ಹೋದ ಮೊದಲ ವಾರವೇ ಯಂತ್ರ ಹೇರಿಕೊಂಡು ಮಂಗಳೂರಿನತ್ತ ಹೊರಟಿದ್ದ ಎತ್ತರದ ಟ್ರೈಲರೊಂದು ರಸ್ತೆ ಬದಿಯ ಆಲದ ಕೊಂಬೆಗೆ ಸಿಕ್ಕಿಕೊಂಡಿತು.

"ಹೋದ್ ವರ್ಸ ಈ ಕೊಂಬೆ ಮ್ಯಾಕಿತ್ತು ಸಾ," ಎಂದ ಡ್ರೈವರು.

ನಗು ಬಂತು. ಮಂಡಿಯ ಕಾಫಿ ನೆನಪಾಗಿ ನಗಲಿಲ್ಲ. ಕೊಂಬೆ ಬೆಳೆಯುತ್ತದೆ, ಜೋತು ಬೀಳುತ್ತದೆ. ಅವನು ಹೇಳಿದ್ದು ಸರಿ. ಆ ಸಂಜೆ ತುಮಕೂರಿಗೆ ಬಸ್ಸಿನಲ್ಲಿ ಬರುವಾಗ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು. ಕೊಂಬೆ ಕೆಳಗೆ ಬರಬಹುದಾದರೆ, ರಸ್ತೆ ಮೇಲಕ್ಕೆ ಹೋಗಬಾರದೇಕೆ? ಅನುಮಾನ ನನ್ನ ಕಸುಬು. ಅದು ಸೇತುವೆಯ ಬೋರ್ಡಿನ ತನಕ ಬರಲು ಇಷ್ಟು ದಿನ ಬೇಕಾಯಿತು.

ಆದರೂ ಮರುದಿನವೇ ಹೋಗಿ ಟೇಪು ಹಿಡಿದೆನೆ? ಇಲ್ಲ. ಬೇರೆ ಕೆಲಸ ಇತ್ತು ಎಂದು ಹೇಳಬಹುದು. ಇತ್ತು ಕೂಡ. ಅಷ್ಟರಲ್ಲಿ ಪುಟ್ಟಸ್ವಾಮಿ ಬಂದು ಗುದ್ದಿದ.

ಪುಟ್ಟಸ್ವಾಮಿ ಅಮೃತೂರಿನ ಕಡೆಯವನು, ನಲವತ್ತರ ಆಸುಪಾಸು, ಟ್ರೈಲರ್ ಓಡಿಸುವುದರಲ್ಲಿ ಹೆಸರಿದ್ದವನು. ಗುಬ್ಬಿಯ ಗಿರಣಿಯೊಂದಕ್ಕೆ ಬಾಯ್ಲರ್ ಹೇರಿಕೊಂಡು ಬಂದಿದ್ದ. ಬಾಯ್ಲರಿನ ನೆತ್ತಿ ಗರ್ಡರಿಗೆ ತಾಗಿ, ಗರ್ಡರು ಬಾಗಿ, ಮೇಲಿನ ಹಳಿ ಸೊಟ್ಟಗಾಯಿತು. ಅರಸೀಕೆರೆ ಕಡೆಯಿಂದ ಬರುತ್ತಿದ್ದ ರೈಲನ್ನು ನಿಟ್ಟೂರು ಸ್ಟೇಷನ್ನಿನಲ್ಲೇ ನಿಲ್ಲಿಸಬೇಕಾಯಿತು. ಹಿಂದಿನ ಲಾರಿಗಳದ್ದು ನಮ್ಮ ನಡುವಿನ ವಿಷಯವಾಗಿತ್ತು. ರೈಲು ನಿಂತಮೇಲೆ ಅದು ದೂರು, ನೋಟಿಸು, ವಿಚಾರಣೆಯಾಯಿತು. ಪುಟ್ಟಸ್ವಾಮಿಯ ಲೈಸನ್ಸ್ ರದ್ದು ಮಾಡಬೇಕೋ ಬೇಡವೋ ಎಂಬುದೇ ವಿಚಾರಣೆಯ ವಿಷಯ. ಸ್ಟೀರಿಂಗ್ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಗುದ್ದಿದ ದಿನ ನಾನು ರೈಲಿನವರ ಜೊತೆ ಮೇಲೆ ಹಳಿಯ ಬಳಿ ಇದ್ದೆ. ಕೆಳಗೆ ಶಿವನಂಜಪ್ಪನವರು ಎಂದಿನಂತೆ ಡ್ರೈವರ ಪಕ್ಕದಲ್ಲಿ ಕೂತು ಏನೋ ಮಾತಾಡುತ್ತಿದ್ದರು. ಊಟದ ವಿಷಯವಿರಬೇಕು ಎಂದುಕೊಂಡೆ.

ಮರುದಿನ ನಾನೊಬ್ಬನೇ ಸೇತುವೆಗೆ ಹೋದೆ. ಕಚೇರಿಯಲ್ಲಿದ್ದ ಹಳೆಯ ನಕ್ಷೆಯ ಪ್ರಕಾರ ಕಲ್ಲಿನ ಗೋಡೆಯ ಬುಡದಲ್ಲಿ ಹೊರಚಾಚಿದ ಒಂದು ಸಾಲು ಕಲ್ಲು ಕಾಣಬೇಕು. ಕಾಣಲಿಲ್ಲ. ಹಾರೆಯಿಂದ ಅಂಚನ್ನು ಕೆದಕಿಸಿದೆ. ಡಾಂಬರು, ಅದರ ಕೆಳಗೆ ಜಲ್ಲಿ, ಮತ್ತೆ ಡಾಂಬರು, ಮತ್ತೆ ಜಲ್ಲಿ. ಆಮೇಲೆ ಆ ಕಲ್ಲು ಸಿಕ್ಕಿತು. ರಸ್ತೆ ಒಂದು ಅಡಿಯಷ್ಟು ಮೇಲೆ ಬಂದಿತ್ತು. ಮಳೆಗಾಲದಲ್ಲಿ ಸೇತುವೆಯ ಕೆಳಗೆ ನೀರು ನಿಲ್ಲುತ್ತದೆ, ಶಾಲೆಗೆ ಹೋಗುವ ಮಕ್ಕಳು ದಾಟಲಾಗುವುದಿಲ್ಲ ಎಂದು ಸುತ್ತಲಿನ ಊರವರು ಅರ್ಜಿ ಕೊಟ್ಟಾಗಲೆಲ್ಲ ಶಿವನಂಜಪ್ಪನವರು ಅಲ್ಲಿ ಜಲ್ಲಿ ಹಾಕಿಸಿ, ಮೇಲೆ ಡಾಂಬರು ಹೊಡೆಸಿದ್ದರು. ಒಳ್ಳೆಯ ಕೆಲಸವೇ. ಬೋರ್ಡಿಗೆ ಪ್ರತಿ ಸಲ ಹೊಸ ಬಣ್ಣವನ್ನೂ ಹೊಡೆಸಿದ್ದರು. ಪೇಂಟರು ಹಳೆಯ ಅಕ್ಷರದ ಮೇಲೆಯೇ ಹೊಸ ಅಕ್ಷರ ತಿದ್ದಿದ್ದ. ಹದಿನಾಲ್ಕು ಅಡಿ ಹದಿನಾಲ್ಕಾಗಿಯೇ ಉಳಿದಿತ್ತು. ಸೇತುವೆ ರೈಲಿನವರದ್ದು, ರಸ್ತೆ ನಮ್ಮದು. ನಡುವಿನ ಖಾಲಿ ಜಾಗ ಯಾರದ್ದು ಎಂದು ಯಾರೂ ಕೇಳಿರಲಿಲ್ಲ.

ಟ್ರೈಲರಿನ ಮೇಲಿದ್ದ ಬಾಯ್ಲರನ್ನು ನೆಲದಿಂದ ನೆತ್ತಿಯವರೆಗೆ ಅಳೆದೆ. ಬೋರ್ಡಿನ ಅಂಕಿಗಿಂತ ಕಡಿಮೆ, ನಿಜವಾದ ಎತ್ತರಕ್ಕಿಂತ ಹೆಚ್ಚು. ಇಂಥ ವಾದ ಯಾವ ಸ್ಪರ್ಧೆಯಲ್ಲೂ ನನ್ನ ಕೈಗೆ ಸಿಕ್ಕಿರಲಿಲ್ಲ.

ಇಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ಅದನ್ನು ಮೊದಲು ಯಾರಿಗೆ ಹೇಳಿದೆ? ಯಾರಿಗೂ ಹೇಳಲಿಲ್ಲ. ವಿಚಾರಣೆಯ ದಿನ ಗುಬ್ಬಿಯಿಂದ ತುಮಕೂರಿಗೆ ಶಿವನಂಜಪ್ಪನವರ ಪಕ್ಕದಲ್ಲೇ ಜೀಪಿನಲ್ಲಿ ಬಂದೆ. ಅವರು ಮನೆಯಿಂದ ತಂದಿದ್ದ ಇಡ್ಲಿಯ ಪೊಟ್ಟಣ ಬಿಚ್ಚಿ ನನ್ನ ಕಡೆಗೆ ಚಾಚಿದರು. ತಿಂದೆ. ತೊಡೆಯ ಮೇಲಿದ್ದ ಚೀಲದಲ್ಲಿ ಹಳೆಯ ನಕ್ಷೆಯೂ ಅಳತೆಯೂ ಇದ್ದವು. ಮೊದಲೇ ಹೇಳಿದರೆ ಎದುರು ಪಕ್ಷ ತಯಾರಾಗಿ ಬರುತ್ತದೆ ಎಂದು ಸ್ಪರ್ಧೆಗಳಲ್ಲಿ ಕಲಿತಿದ್ದೆ. ಅವರು ಎದುರು ಪಕ್ಷ ಎಂದು ತೀರ್ಮಾನಿಸಿದವನು ನಾನೇ.

ಆರ್‌ಟಿಒ ಕಚೇರಿಯ ವರಾಂಡದಲ್ಲಿ ಪುಟ್ಟಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಅವನನ್ನು ಮೂಲೆಗೆ ಕರೆದೆ.

"ಹೆದರ್ಬೇಡಿ. ತಪ್ಪು ನಿಮ್ಮದಲ್ಲ. ಬೋರ್ಡು ನೋಡ್ಕೊಂಡೇ ತಾನೆ ಒಳಗೆ ಬಂದಿದ್ದು?"

ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಹೂಂ ಸಾ."

"ಹದಿನಾಲ್ಕಡಿ ಅಂತಿತ್ತು. ನಿಮ್ಮ ಲೋಡು ಅದಕ್ಕಿಂತ ಕಮ್ಮಿ ಅಂತ ಗೊತ್ತಿತ್ತು. ಅದಕ್ಕೇ ಬಂದ್ರಿ. ಅಲ್ವಾ?"

"ನೀವ್ ಹೆಂಗೇಳ್ತೀರೋ ಹಂಗೆ ಸಾ."

ಈ ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ಅದನ್ನು ಹಳ್ಳಿಯವನ ವಿನಯ ಎಂದು ಅರ್ಥ ಮಾಡಿಕೊಂಡೆ.

ಒಳಗೆ ಅಧಿಕಾರಿ ಫೈಲು ಮುಚ್ಚಿಟ್ಟು ಹೇಳಿದರು: "ನನಗೆ ಒಂದೇ ವಿಷಯ ಬೇಕು. ಬೋರ್ಡು ನೋಡಿ ಬಂದನೋ, ನೋಡದೆ ಬಂದನೋ. ನೋಡದೆ ಬಂದಿದ್ದರೆ ಇಂಥವನ ಕೈಗೆ ಟ್ರೈಲರ್ ಕೊಡೋಕಾಗಲ್ಲ. ಲೈಸನ್ಸ್ ರದ್ದು."

ಪುಟ್ಟಸ್ವಾಮಿ, "ನೋಡಿ ಬಂದೆ ಸಾ," ಎಂದ.

ಆಮೇಲೆ ನಾನೆದ್ದೆ. ಚೆನ್ನಾಗಿ ಮಾತಾಡಿದೆ ಎಂದು ಹೇಳಲು ಸಂಕೋಚವಿಲ್ಲ, ಸಂಕೋಚ ಬೇರೆ ಕಡೆ ಇದೆ. ನಕ್ಷೆ ಹರಡಿದೆ. ಹೂತುಹೋದ ಕಲ್ಲಿನ ಕಥೆ ಹೇಳಿದೆ. 'ಈ ಚಾಲಕ ಸರ್ಕಾರದ ಮಾತನ್ನು ನಂಬಿದ, ಅದೇ ಅವನ ಅಪರಾಧ' ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಶಿವನಂಜಪ್ಪನವರ ಕಡೆ ತಿರುಗಿ ಕೇಳಿದೆ: "ಇಷ್ಟು ವರ್ಷ ಪ್ರತಿ ಸಲ ಡಾಂಬರು ಹಾಕಿಸಿದ ಅಧಿಕಾರಿ ಒಂದೇ ಒಂದು ಸಲ ಟೇಪು ಹಿಡಿದು ನೋಡಿದ್ದರೆ ನಾವು ಇವತ್ತು ಇಲ್ಲಿರುತ್ತಿದ್ದೆವೇ? ಅವರಿಗೆ ಅಳೆಯಲು ಬರುವುದಿಲ್ಲವೇ, ಅಥವಾ ಅಳೆಯುವ ಮನಸ್ಸಿಲ್ಲವೇ?"

ಬಾಗಿಲ ಬಳಿ ನಿಂತಿದ್ದ ಗುಮಾಸ್ತರೊಬ್ಬರು ಮುಗುಳ್ನಕ್ಕರು. ನನಗೆ ಅದೂ ಕಂಡಿತು, ಇಷ್ಟವೂ ಆಯಿತು.

ಶಿವನಂಜಪ್ಪನವರು ಎದ್ದರು. ಮೇಜಿನ ಮೇಲಿನ ನಕ್ಷೆಯ ಮೂಲೆ ಸುರುಳಿಯಾಗುತ್ತಿತ್ತು, ಅದನ್ನು ಬೆರಳಿನಿಂದ ಒತ್ತಿ ಹಿಡಿದರು.

"ಅವರು ಹೇಳಿದ್ದು ಸರಿ. ರಸ್ತೆ ಏರಿಸಿದ್ದು ನಾನೇ. ಬೋರ್ಡು ಬದಲಾಯಿಸೋದು ನನಗೆ ಹೊಳೀಲಿಲ್ಲ."

"ಇವರನ್ನಾಗಲಿ, ಡ್ರೈವರನ್ನಾಗಲಿ ನೀವು ಏನಾದರೂ ಕೇಳೋದಿದೆಯೇ?" ಎಂದರು ಅಧಿಕಾರಿ.

ಅವರು ಪುಟ್ಟಸ್ವಾಮಿಯ ಕಡೆ ನೋಡಿದರು. ವಾಕ್ಯವೊಂದನ್ನು ಶುರು ಮಾಡುವವರಂತೆ ಬಾಯಿ ತೆರೆದರು. ಆಮೇಲೆ, "ಇಲ್ಲ," ಎಂದು ಕೂತರು.

ನಾನು ಪ್ರತಿವಾದಕ್ಕೆ ಮೂರು ಉತ್ತರ ತಯಾರಿಟ್ಟುಕೊಂಡಿದ್ದೆ. ಯಾವುದೂ ಬೇಕಾಗಲಿಲ್ಲ. ಗುಬ್ಬಿಯ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದ್ದರೂ ಈ ಮನುಷ್ಯ ಇದೇ ಮಾತು ಹೇಳಿ, ಇದೇ ಜೀಪಿನಲ್ಲಿ ಬಂದು, ತಾವೇ ಅಧಿಕಾರಿಯ ಮುಂದೆ ಒಪ್ಪಿಕೊಳ್ಳುತ್ತಿದ್ದರು ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಪುಟ್ಟಸ್ವಾಮಿಯ ಲೈಸನ್ಸ್ ಉಳಿಯಿತು. ಶಿವನಂಜಪ್ಪನವರಿಗೆ ಮೇಲಿನಿಂದ ಮೆಮೊ ಬಂತು. ಕಚೇರಿಯಲ್ಲಿ ಕೆಲವರು ನನ್ನ ಕೈ ಕುಲುಕಿದರು, ಕೆಲವರು ನನ್ನ ಮುಂದೆ ಮಾತು ನಿಲ್ಲಿಸಿದರು. ಶಿವನಂಜಪ್ಪನವರು ಮಾತ್ರ ನನ್ನ ಜೊತೆ ಮೊದಲಿನಂತೆಯೇ ಇದ್ದರು. ಅದನ್ನು ಸಹಿಸುವುದೇ ಕಷ್ಟವಾಗಿತ್ತು. ಇಬ್ಬರೂ ಸೇರಿ ಸೇತುವೆಯ ಎತ್ತರ ಹೊಸದಾಗಿ ಅಳೆದೆವು. ರಸ್ತೆಯ ನಡುವೆ ಉಬ್ಬು, ಅಂಚಿನಲ್ಲಿ ತಗ್ಗು, ಹಾಗಾಗಿ ಎಲ್ಲಿ ಅತಿ ಕಡಿಮೆಯೋ ಅದನ್ನು ಹಿಡಿದು, ಖಾಲಿ ಲಾರಿಯ ಕುಣಿತಕ್ಕೆಂದು ಇನ್ನಷ್ಟು ಕಳೆದು ಬರೆಸಿದರು. ಆಮೇಲೆ ಸೇತುವೆಗೂ ಮೊದಲೇ ಅದೇ ಎತ್ತರಕ್ಕೆ ಕಬ್ಬಿಣದ ಅಡ್ಡಪಟ್ಟಿ ನಿಲ್ಲಿಸುವ ಪದ್ಧತಿ ಬಂತು. ಗುದ್ದಿದರೆ ಅದಕ್ಕೆ ಗುದ್ದಲಿ, ಹಳಿಗಲ್ಲ ಎಂದು. ನೀವು ಡಾಂಬರು ಹಾಕಿಸಿದ ದಿನವೇ ಅಳೆಯಿರಿ. ನಾಳೆ ಬೇರೆ ಕೆಲಸ ಇರುತ್ತದೆ.

ಕೆಲವು ತಿಂಗಳ ನಂತರ ಶಿವನಂಜಪ್ಪನವರು ನಿವೃತ್ತರಾದರು. ಗುಬ್ಬಿಯ ಕಚೇರಿಯ ಹಿಂದಿನ ಶೆಡ್ಡಿನಲ್ಲೇ ಬೀಳ್ಕೊಡುಗೆ. ಮೆಮೊ ಇದ್ದವರ ಸಮಾರಂಭಕ್ಕೆ ಮೇಲಿನವರು ಯಾರೂ ಬರಲಿಲ್ಲ. ಮಾತಾಡುವವರು ಬೇಕಲ್ಲ, ನನ್ನನ್ನೇ ಎಬ್ಬಿಸಿದರು. ಅವರ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದೆ. ಚಪ್ಪಾಳೆ ಬಿತ್ತು.

ಹೊರಗೆ ಬಂದರೆ ಮೆಟ್ಟಿಲ ಬಳಿ ಪುಟ್ಟಸ್ವಾಮಿ ಒಂದು ಗೊನೆ ಎಳನೀರು ಇಟ್ಟುಕೊಂಡು ನಿಂತಿದ್ದ. ಲಾರಿಯಲ್ಲಿ ಬಂದಿದ್ದ.

"ಸಾಹೇಬ್ರು ದೊಡ್ಡವರು ಸಾ," ಎಂದ. "ಅವತ್ತು ಅವ್ರು ಒಂದ್ ಮಾತಾಡಿದ್ರೆ ನಾನು ಇವತ್ತು ಅಮೃತೂರಲ್ಲಿ ಕೂಲಿಗೆ ಹೋಗ್ಬೇಕಿತ್ತು."

"ಯಾವ ಮಾತು?"

"ಅದೇ, ಬೋರ್ಡಿಂದು. ನಾನ್ ಬೋರ್ಡ್ ಕಡೆ ನೋಡ್ಲೇ ಇಲ್ವಲ್ಲ ಸಾ. ಮುಂದೆ ಒಂದು ಹುಲ್ಲಿನ ಲಾರಿ ಹೋಯ್ತು. ನಮ್ಕಿಂತ ಎತ್ತರ ಐತೆ ಅದು, ಅದೇ ಹೋದ್ಮ್ಯಾಲೆ ನಂದೂ ಹೋಯ್ತದೆ ಅಂತ ಹಿಂದೇನೇ ನುಗ್ಗಿಸ್ದೆ. ಹುಲ್ಲು ಬಗ್ಗತ್ತೆ, ಬಾಯ್ಲರ್ ಬಗ್ಗತ್ತಾ? ಗುದ್ದಿದ್ ದಿನಾನೇ ಸಾಹೇಬ್ರ ಹತ್ರ ಎಲ್ಲಾ ಹೇಳ್ಕಂಡಿದ್ದೆ." ನನ್ನ ಮುಖ ನೋಡಿ ಅವನ ದನಿ ಇಳಿಯಿತು. "ನಿಮ್ಗೂ ಗೊತ್ತೈತೆ ಅಂದ್ಕಂಡಿದ್ದೆ ಸಾ. ಗೊತ್ತಿದ್ದೇ ನಂಗೆ ಹೇಳ್ಕೊಡ್ತಾವ್ರೆ ಅಂತ."

ಒಳಗೆ ಹೋದೆ. ಶಿವನಂಜಪ್ಪನವರು ಹಾರ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಒಬ್ಬರೇ ಕೂತಿದ್ದರು.

"ಅವನು ಬೋರ್ಡು ನೋಡಿರಲಿಲ್ಲ ಅಂತ ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿತ್ತು."

"ಅವತ್ತು ಅದೊಂದು ಪ್ರಶ್ನೆ ಕೇಳಿದ್ದರೆ ನನ್ನ ವಾದವೆಲ್ಲ ಬಿದ್ದು ಹೋಗುತ್ತಿತ್ತು. ಮೆಮೊ ಬರುತ್ತಿರಲಿಲ್ಲ."

"ಬಿದ್ದೋಗ್ತಿತ್ತು," ಎಂದರು. "ಆದ್ರೆ ರಸ್ತೆ ಏರಿಸಿದ್ದು ನಾನೇ ತಾನೆ? ಅವನ ಲೈಸನ್ಸ್ ಕಿತ್ಕೊಂಡ್ರೆ ರಸ್ತೆ ಇಳೀತಿತ್ತೇನಪ್ಪಾ?"

ಹೊರಗೆ ಪುಟ್ಟಸ್ವಾಮಿ ಲಾರಿ ಸ್ಟಾರ್ಟ್ ಮಾಡಿದ. ಸಾಹೇಬರನ್ನು ತುಮಕೂರಿನ ಮನೆಯವರೆಗೆ ಅವನೇ ಬಿಡುವವನಿದ್ದ. ಜೀಪು ಆ ಹೊತ್ತಿಗೆ ಅವರದ್ದಾಗಿರಲಿಲ್ಲ. ಶಿವನಂಜಪ್ಪನವರು ಎಳನೀರಿನ ಗೊನೆಯನ್ನು ಕಾಲ ಬಳಿ ಇರಿಸಿಕೊಂಡು ಕ್ಯಾಬಿನ್ನಿನಲ್ಲಿ ಕೂತರು. ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

"ಹತ್ತಪ್ಪ. ನಿನ್ನನ್ನೂ ಬಿಟ್ಟು ಹೋಗ್ತಾನೆ."

"ಸೈಕಲ್ ಇದೆ ಸಾರ್," ಎಂದೆ.

ಆ ದಿನ ನಾನು ಸೈಕಲ್ ತಂದಿರಲಿಲ್ಲ.